ಕೌಟುಂಬಿಕ ಹಿಂಸೆಯ ನಡುವೆ ಬೆಳೆಯುವ ಮಕ್ಕಳು: ನೆರವು ಮತ್ತು ಆರೈಕೆ

ಮನೆಯ ದೊಡ್ಡವರಲ್ಲಿ ಒಬ್ಬರು ಇನ್ನೊಬ್ಬರನ್ನು, ಬಹುತೇಕ ಗಂಡ ಹೆಂಡತಿಯನ್ನು, ಹೊಡೆದೋ ಬೆದರಿಸಿಯೋ ಅವಮಾನಿಸಿಯೋ ಕೈಗೆ ಕಾಸು ಸಿಗದಂತೆ ಮಾಡಿಯೋ ಹಿಡಿತದಲ್ಲಿಟ್ಟುಕೊಂಡ ಕುಟುಂಬಗಳಲ್ಲಿ ಬೆಳೆಯುವ ಮಕ್ಕಳು ಈ ಲೇಖನದ ವಿಷಯ. ಏಟು ತಮ್ಮ ಮೈಮೇಲೆ ಬೀಳದಿದ್ದರೂ ಇವರು ಹಿಂಸೆಗೆ ಒಳಗಾದವರೇ. ಹಳೆಯ ಅಧ್ಯಯನಗಳಲ್ಲಿ ಇವರನ್ನು ಹಿಂಸೆಯ ‘ಸಾಕ್ಷಿಗಳು’ ಎಂದು ಕರೆಯುವ ರೂಢಿಯಿತ್ತು. ಈಗ ಆ ಪದ ಹಿಂದೆ ಸರಿದಿದೆ. ಸಾಕ್ಷಿ ಎಂದರೆ ದೂರ ನಿಂತು ನೋಡಿದವನು. ಈ ಮಕ್ಕಳು ನೋಡಿಯೇ ಇರಬೇಕೆಂದಿಲ್ಲ, ದೂರವಂತೂ ಇರುವುದಿಲ್ಲ. ಕೌದಿಯೊಳಗೆ ಮುಖ ಹುದುಗಿಸಿಕೊಂಡು ನಡುಮನೆಯ ಸದ್ದು ಕೇಳಿರುತ್ತಾರೆ, ಬೆಳಿಗ್ಗೆ ಬಳೆಚೂರು ಗುಡಿಸಿರುತ್ತಾರೆ, ಅಮ್ಮನ ಕೈಗೆ ಅರಿಸಿನ ಹಚ್ಚಿರುತ್ತಾರೆ, ಮಾವನ ಮನೆಗೆ ಫೋನು ಮಾಡಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿರುತ್ತಾರೆ.

ವ್ಯಾಪ್ತಿ

ಯುನಿಸೆಫ್ 2006ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 13.3 ಕೋಟಿಯಿಂದ 27.5 ಕೋಟಿ ಮಕ್ಕಳು ಇಂಥ ಮನೆಗಳಲ್ಲಿದ್ದಾರೆ. ಎರಡು ಅಂಕಿಗಳ ನಡುವಿನ ಅಂತರ ನೋಡಿದರೇ ಎಣಿಕೆ ಎಷ್ಟು ಕಷ್ಟವೆಂದು ತಿಳಿಯುತ್ತದೆ. ಭಾರತದಲ್ಲಂತೂ ತಾಯಂದಿರ ಅಂಕಿಯಿಂದ ಮಕ್ಕಳ ಸ್ಥಿತಿಯನ್ನು ಊಹಿಸಬೇಕಾಗಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದವರು ದೇಶದಲ್ಲಿ ಶೇ. 29.3, ಕರ್ನಾಟಕದಲ್ಲಿ ಶೇ. 44.4. ಹಿಂದಿನ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಶೇ. 20.6 ಇತ್ತು. ಈ ಏರಿಕೆಯಲ್ಲಿ ಹಿಂಸೆ ಹೆಚ್ಚಿದ್ದೆಷ್ಟು, ಬಾಯಿಬಿಟ್ಟು ಹೇಳುವ ಧೈರ್ಯ ಹೆಚ್ಚಿದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಯಾವ ರೀತಿ ಓದಿಕೊಂಡರೂ ನಮ್ಮ ಯಾವುದೇ ಶಾಲೆಯ ಯಾವುದೇ ತರಗತಿಯಲ್ಲಿ ಇಂಥ ಮಗು ಇಲ್ಲವೆಂದು ಎದೆಮುಟ್ಟಿ ಹೇಳುವಂತಿಲ್ಲ. ನಿಮ್ಮ ಅಪ್ಪ ನಿಮ್ಮ ಅಮ್ಮನಿಗೆ ಹೊಡೆಯುತ್ತಿದ್ದರೇ ಎಂದೂ ಈ ಸಮೀಕ್ಷೆ ಮಹಿಳೆಯರನ್ನು ಕೇಳುತ್ತದೆ. ಹೌದೆಂದವರಲ್ಲಿ ತಾವೂ ಗಂಡನಿಂದ ಏಟು ತಿಂದವರ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚು.

ತಾಯಿಗೆ ಬೀಳುವ ಏಟು ತಾಯಿಗೇ ನಿಲ್ಲುವುದಿಲ್ಲ. ಅಮೆರಿಕದ ಜೆಫ್ರಿ ಎಡಲ್ಸನ್ 1999ರಲ್ಲಿ ಹಿಂದಿನ ಎರಡು ದಶಕಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ತಾಯಿ ಅಥವಾ ಮಗು, ಇಬ್ಬರಲ್ಲಿ ಒಬ್ಬರ ಮೇಲೆ ಹಿಂಸೆ ನಡೆಯುವ ಮನೆಗಳ ಪೈಕಿ ಶೇ. 30ರಿಂದ 60ರಲ್ಲಿ ಇನ್ನೊಬ್ಬರ ಮೇಲೂ ನಡೆದಿರುತ್ತದೆಂದು ಬಹುಪಾಲು ಅಧ್ಯಯನಗಳು ಕಂಡಿದ್ದವು.

ಎರಡು ಗಾದೆಗಳು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಹಿಂಸೆಯ ಮುಂದೆ ಬಾಗಿಲು ಹಾಕಿಕೊಳ್ಳಲು ಬಳಸುವಷ್ಟು ಇನ್ನಾವುದನ್ನೂ ಬಳಸುವುದಿಲ್ಲ. ನೆರೆಯವರು ಹೇಳುತ್ತಾರೆ, ರಾಜಿ ಪಂಚಾಯ್ತಿಗೆ ಕೂತ ಹಿರೀಕರು ಹೇಳುತ್ತಾರೆ, ಠಾಣೆಯ ಮೇಜಿನ ಹಿಂದಿನಿಂದಲೂ ಇದು ಕೇಳಿಬರುವುದುಂಟು. ಜಗಳಕ್ಕೆ ಎರಡು ಕೈ ಬೇಕು. ಒಬ್ಬರು ಹೊಡೆಯುತ್ತ ಇನ್ನೊಬ್ಬರು ಹೆದರುತ್ತ ಇರುವ ಸ್ಥಿತಿಗೆ ಜಗಳವೆನ್ನುವುದು ಸರಿಯಾದ ಹೆಸರಲ್ಲ. ಇದರ ಜೊತೆಗೇ ಕನ್ನಡದಲ್ಲಿ ಇನ್ನೊಂದು ಗಾದೆಯಿದೆ: ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’. ಇಲ್ಲಿ ಬಡವಾಗುವುದೆಂದರೆ ಕಾಸಿಲ್ಲದಂತಾಗುವುದಲ್ಲ, ಮೈ ಸೊರಗುವುದು. ಈಗ ಅದನ್ನು ಎರಡು ಪಕ್ಷಗಳ ಕಚ್ಚಾಟಕ್ಕೋ ಎರಡು ಇಲಾಖೆಗಳ ತಿಕ್ಕಾಟಕ್ಕೋ ಅನ್ವಯಿಸಿ ಅನ್ವಯಿಸಿ ಅದರೊಳಗಿನ ಕೂಸು ಮರೆತುಹೋಗಿದೆ. ಈ ಗಾದೆಯನ್ನು ಕಟ್ಟಿದವರು ಮಗುವನ್ನು ಹತ್ತಿರದಿಂದ ನೋಡಿದ್ದರು.

ಮಗುವಿನ ಮೇಲಾಗುವ ಪರಿಣಾಮ

ತೊಟ್ಟಿಲ ಕೂಸಿಗೆ ಏನು ತಿಳಿದೀತು ಎಂಬ ನಂಬಿಕೆ ಸುಳ್ಳು. ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ 6ರಿಂದ 12 ತಿಂಗಳ 20 ಶಿಶುಗಳು ನಿದ್ದೆಯಲ್ಲಿದ್ದಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡುತ್ತ ಸಿಟ್ಟಿನ ದನಿಯನ್ನು ಕೇಳಿಸಿದರು. ತಂದೆತಾಯಿಯ ನಡುವೆ ಹೆಚ್ಚು ಕಲಹವಿದ್ದ ಮನೆಯ ಶಿಶುಗಳಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಆ ದನಿಗೆ ಹೆಚ್ಚಾಗಿ ಸ್ಪಂದಿಸಿದವು. ಅವರು ಅಳೆದದ್ದು ಕಲಹವನ್ನೇ ಹೊರತು ಹೊಡೆತವನ್ನಲ್ಲ. ಆದರೂ ಮಗು ಮಲಗಿದೆ ಎಂಬ ಸಮಾಧಾನ ಅಲ್ಲಿಗೆ ಮುರಿದುಬಿತ್ತು.

ಎರಡು ಮೂರು ವರ್ಷದ ಮಗು ಕಲಿತ ಮಾತನ್ನೇ ಬಿಡಬಹುದು, ನಿಂತುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳಬಹುದು, ಅಮ್ಮ ಬಚ್ಚಲಿಗೆ ಹೋದರೂ ಸೆರಗು ಹಿಡಿದು ಹಿಂದೆ ಹೋಗಬಹುದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೊಟ್ಟೆನೋವು, ತಲೆನೋವು ಶುರುವಾಗುತ್ತವೆ. ವೈದ್ಯರಿಗೆ ತೋರಿಸಿದರೆ ಏನೂ ಸಿಗುವುದಿಲ್ಲ. ಈ ವಯಸ್ಸಿನ ದೊಡ್ಡ ಹೊರೆ ತಪ್ಪಿನ ಭಾವ. ಲೆಕ್ಕದಲ್ಲಿ ಕಡಿಮೆ ಅಂಕ ಬಂದ ದಿನವೇ ಅಪ್ಪ ಅಮ್ಮನಿಗೆ ಹೊಡೆದಿದ್ದರೆ ಮಗು ಎರಡನ್ನೂ ಕೂಡಿಸಿ ತನ್ನದೇ ಆದ ಒಂದು ಲೆಕ್ಕ ಹಾಕಿಕೊಳ್ಳುತ್ತದೆ. ಹದಿಹರೆಯದಲ್ಲಿ ದಾರಿಗಳು ಕವಲೊಡೆಯುತ್ತವೆ. ಒಬ್ಬ ಮಗ ಅಪ್ಪನ ಕೈ ಹಿಡಿಯಲು ಹೋಗಿ ತಾನೇ ಗಾಯಗೊಳ್ಳುತ್ತಾನೆ, ಇನ್ನೊಬ್ಬ ಅಮ್ಮನಿಗೆ ಅಪ್ಪನ ಮಾತುಗಳಲ್ಲೇ ಬೈಯಲು ಕಲಿಯುತ್ತಾನೆ. ಹಿರಿಯ ಮಗಳು ತಮ್ಮ ತಂಗಿಯರಿಗೆ ತಾಯಾಗುತ್ತಾಳೆ. ಅವಳನ್ನು ಊರೆಲ್ಲ ‘ಜವಾಬ್ದಾರಿ ಹುಡುಗಿ’ ಎಂದು ಹೊಗಳುವುದರಿಂದ ಅವಳಿಗೆ ನೆರವು ಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ.

ಪರಿಣಾಮ ಬಾಲ್ಯಕ್ಕೇ ಮುಗಿಯುವುದಿಲ್ಲ. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರ ತಂಡ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಬಾಲ್ಯದ ಕಹಿ ಅನುಭವಗಳ ಪಟ್ಟಿಯಲ್ಲಿ ‘ತಾಯಿಯ ಮೇಲೆ ಹಿಂಸೆ’ಯನ್ನೂ ಸೇರಿಸಿತ್ತು. ಇಂಥ ಅನುಭವಗಳು ಒಂದರ ಮೇಲೊಂದು ಪೇರಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಮದ್ಯವ್ಯಸನ, ಹೃದ್ರೋಗಗಳ ಸಂಭವ ಏರುತ್ತ ಹೋಗುವುದನ್ನು ಅದು ತೋರಿಸಿತು.

ಇಷ್ಟು ಓದಿದವರು ಈ ಮಕ್ಕಳ ಹಣೆಬರಹವೇ ಮುಗಿಯಿತೆಂದು ತಿಳಿಯಬಾರದು. 2003ರಲ್ಲಿ ಕ್ಯಾಥರೀನ್ ಕಿಟ್ಜ್‌ಮನ್ ಮತ್ತು ಸಂಗಡಿಗರು 118 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಶೇ. 63 ಮಕ್ಕಳ ಸ್ಥಿತಿ ಹಿಂಸೆ ಕಾಣದ ಸಾಮಾನ್ಯ ಮಗುವಿಗಿಂತ ಕೆಳಗಿತ್ತು. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಇತರರ ಸಮಕ್ಕೆ ಅಥವಾ ಅವರಿಗಿಂತ ಚೆನ್ನಾಗಿಯೇ ಇದ್ದರು. ‘ಅಪ್ಪನಂತೆ ಮಗ’ ಎಂದು ಮೊದಲೇ ತೀರ್ಪು ಕೊಡುವವರು ಈ ಅಂಕಿಯನ್ನು ಗಮನಿಸಬೇಕು. ಹೀಗೆ ನಿಲ್ಲುವ ಮಕ್ಕಳ ಬೆನ್ನಿಗೆ ಸಾಮಾನ್ಯವಾಗಿ ನಂಬಿಕೆಗೆ ಅರ್ಹರಾದ ಒಬ್ಬ ದೊಡ್ಡವರಾದರೂ ಇರುತ್ತಾರೆ. ಹೆಚ್ಚಿನ ಮಕ್ಕಳಿಗೆ ಅದು ತಾಯಿಯೇ. ಕೆಲವರಿಗೆ ಅಜ್ಜಿ, ಸೋದರಮಾವ, ಒಬ್ಬ ಮೇಷ್ಟ್ರು.

ಮೊದಲ ನೆರವು

ಹಿಂಸೆ ನಡೆಯುತ್ತಿರುವಾಗಲೇ ಮನಸ್ಸಿಗೆ ಚಿಕಿತ್ಸೆ ಕೊಡಲು ಹೊರಡುವುದು ಸೋರುವ ಮಾಡಿನ ಕೆಳಗೆ ನೆಲ ಒರೆಸಿದಂತೆ. ಮೊದಲು ಬೇಕಾದದ್ದು ಸುರಕ್ಷತೆ. ಎಂಟು ವರ್ಷದ ಮಗುವಿನೊಂದಿಗೆ ಆಪ್ತಸಮಾಲೋಚಕಿ ಕೂರುವ ರೀತಿ ಹೀಗಿರುತ್ತದೆ: ನೆಲದ ಮೇಲೆ ಹಾಳೆ ಹಾಸಿ ಮಗುವಿನಿಂದಲೇ ಮನೆಯ ನಕ್ಷೆ ಬರೆಸುವುದು. ಮುಂಬಾಗಿಲು, ಹಿತ್ತಲ ಬಾಗಿಲು, ಅಡುಗೆಮನೆ, ಮಲಗುವ ಜಾಗ. ಸಿಟ್ಟು ಏರುವ ಮುನ್ನ ಏನೇನು ಆಗುತ್ತದೆ ಎಂದು ಕೇಳಿದರೆ ಮಕ್ಕಳು ಬೆರಗಾಗುವಷ್ಟು ಕರಾರುವಾಕ್ಕಾಗಿ ಹೇಳುತ್ತಾರೆ. ಓಣಿಯ ತಿರುವಿನಲ್ಲಿ ಬೈಕಿನ ಸದ್ದು ಹೇಗಿತ್ತು, ಚಪ್ಪಲಿ ಬಿಟ್ಟ ರಭಸ ಎಂಥದ್ದು, ಅನ್ನದ ತಟ್ಟೆಯನ್ನು ಎಷ್ಟು ದೂರ ತಳ್ಳಿದರು. ಆಮೇಲೆ ನಾಲ್ಕೈದು ಮಾತು ಕಲಿಸಬೇಕು. ನಡುವೆ ಹೋಗಬೇಡ. ಅಡುಗೆಮನೆಯಲ್ಲಿ ಅಡಗಬೇಡ, ಅಲ್ಲಿ ಕತ್ತಿಯೂ ಒಲೆಯೂ ಇರುತ್ತವೆ. ತಂಗಿಯ ಕೈಹಿಡಿದು ಯಾರ ಮನೆಗೆ ಹೋಗಬೇಕು ಎಂದು ಮೊದಲೇ ಗೊತ್ತುಮಾಡಿಕೊ. 112ಕ್ಕೆ ಫೋನು ಮಾಡಿದರೆ ಹೆಸರು, ಓಣಿ, ಹತ್ತಿರದ ಗುಡಿ ಅಥವಾ ಅಂಗಡಿಯ ಗುರುತು ಹೇಳು. ಕೊನೆಯ ಮಾತನ್ನು ಒತ್ತಿ ಹೇಳಬೇಕು: ಅಮ್ಮನನ್ನು ಕಾಪಾಡುವುದು ನಿನ್ನ ಕೆಲಸವಲ್ಲ, ಅದು ದೊಡ್ಡವರ ಕೆಲಸ.

ಮಗು ಬಾಯಿಬಿಟ್ಟಾಗ ಕೇಳುವವರು ಹೇಳಬೇಕಾದ್ದು ಕಡಿಮೆ. ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಎಂದರೆ ಸಾಕು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಭಾಷೆ ಕೊಡಬಾರದು. ಉಳಿಸಿಕೊಳ್ಳಲಾಗದ ಭಾಷೆ ಅದು. ಅಪ್ಪನನ್ನು ಮಗುವಿನ ಎದುರು ಹಳಿಯಲೂಬಾರದು. ಅಮ್ಮನಿಗೆ ಹೊಡೆಯುವ ಅಪ್ಪನೇ ಭಾನುವಾರ ಹೆಗಲಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿರುತ್ತಾನೆ. ಮಗುವಿಗೆ ಅವನ ಮೇಲೆ ಭಯವೂ ಇದೆ, ಪ್ರೀತಿಯೂ ಇದೆ. ಅಪ್ಪ ಮಾಡಿದ್ದು ತಪ್ಪು ಎಂದರೆ ಮಗು ಒಪ್ಪಿಕೊಳ್ಳುತ್ತದೆ. ಅಪ್ಪ ಕೆಟ್ಟವನು ಎಂದರೆ ಅವನ ಪರವಾಗಿ ನಿಲ್ಲುತ್ತದೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತದೆ. ಕುಡಿತವೇ ಎಲ್ಲಕ್ಕೂ ಕಾರಣ ಎಂಬ ವಿವರಣೆಯೂ ಅಪಾಯಕರ. ಕುಡಿತ ಹಿಂಸೆಯನ್ನು ಹೆಚ್ಚಿಸುವುದು ನಿಜ. ಆದರೆ ಹನಿ ಮುಟ್ಟದವರ ಮನೆಯಲ್ಲೂ ಬೆಲ್ಟು ಬಿಚ್ಚುತ್ತದೆ, ಕುಡಿದವನೂ ಬೀದಿಯಲ್ಲಿ ಎಲ್ಲರ ಮೇಲೆ ಕೈಮಾಡದೆ ಮನೆಗೆ ಬಂದೇ ಮಾಡುತ್ತಾನೆ.

ಶಾಲೆ

ಮನೆಯ ಹೊರಗೆ ಮಗುವನ್ನು ದಿನವೂ ನೋಡುವವರು ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಸಂಜೆಯ ಗಂಟೆ ಬಾರಿಸಿದರೂ ಚೀಲ ಕಟ್ಟದ ಮಗು, ಬಾಗಿಲು ಕಾಣುವ ಜಾಗವೇ ಬೇಕೆಂದು ಹಟ ಹಿಡಿಯುವ ಮಗು, ಡಸ್ಟರ್ ಬಿದ್ದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು: ಇವು ಏನನ್ನೂ ಸಾಬೀತು ಮಾಡುವುದಿಲ್ಲ, ಗಮನಿಸು ಎನ್ನುತ್ತವೆ. ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಒಂದು ದೊಡ್ಡ ತಪ್ಪು ನಡೆಯುತ್ತದೆ. ವಿಷಯ ತಿಳಿದ ಕೂಡಲೇ ತಂದೆಯನ್ನು ಕರೆಸಿ ‘ಹೌದೇನ್ರೀ?’ ಎಂದು ಕೇಳುವುದು. ಆ ರಾತ್ರಿ ಅದರ ಬೆಲೆ ತೆರುವವರು ತಾಯಿ ಮತ್ತು ಮಗು. ಮಾತಾಡುವುದಾದರೆ ಮೊದಲು ತಾಯಿಯೊಂದಿಗೆ, ಅವರೊಬ್ಬರೇ ಇರುವಾಗ.

ಶಾಲೆ ಕೊಡಬಹುದಾದ ಅತಿ ದೊಡ್ಡ ಮದ್ದು ನಿಯತ ದಿನಚರಿ. ನಾಳೆ ಏನು ನಡೆಯುತ್ತದೆಂದು ಮನೆಯಲ್ಲಿ ತಿಳಿಯದ ಮಗುವಿಗೆ ಪ್ರಾರ್ಥನೆ, ಹಾಲು, ಪಾಠ, ಬಿಸಿಯೂಟ ಎಂಬ ಸರದಿಯೇ ನೆಲೆಯಾಗುತ್ತದೆ. ಹೋಮ್‌ವರ್ಕ್ ಮಾಡದೆ ಬಂದದ್ದಕ್ಕೆ ನಿಲ್ಲಿಸುವ ಮುನ್ನ ನಿನ್ನೆ ರಾತ್ರಿ ನಿದ್ದೆ ಬಂತೇ ಎಂದು ಕೇಳುವುದರಲ್ಲಿ ಶಿಸ್ತಿಗೆ ಭಂಗವಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಈ ಮಕ್ಕಳ ವಿಷಯದಲ್ಲಿ ಆ ನಿಷೇಧಕ್ಕೆ ಎರಡು ಪಟ್ಟು ಅರ್ಥವಿದೆ.

ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ 2011ರಲ್ಲಿ ಮುಖ್ಯಶಿಕ್ಷಕಿ ಎಲಿಜಬೆತ್ ಕಾರ್ನಿ-ಹಾವರ್ತ್ ಮತ್ತು ಪೊಲೀಸರಾಗಿದ್ದ ಅವರ ಪತಿ ಡೇವಿಡ್ ಸೇರಿ ‘ಆಪರೇಷನ್ ಎನ್‌ಕಂಪಾಸ್’ ಎಂಬ ಸರಳ ಏರ್ಪಾಡು ಆರಂಭಿಸಿದರು. ರಾತ್ರಿ ಯಾವುದಾದರೂ ಮನೆಗೆ ಹಿಂಸೆಯ ದೂರಿನ ಮೇಲೆ ಪೊಲೀಸರು ಹೋಗಿದ್ದರೆ ಮರುದಿನ ಶಾಲೆ ಶುರುವಾಗುವ ಮುನ್ನ ಆ ಮಗುವಿನ ಶಾಲೆಗೆ ಗುಟ್ಟಾಗಿ ಸುದ್ದಿ ಮುಟ್ಟಬೇಕು. ಇಷ್ಟೇ. ಮಗುವನ್ನು ಯಾರೂ ಪ್ರಶ್ನಿಸುವುದಿಲ್ಲ. ತಿಂಡಿ ತಿಂದಿದೆಯೇ ಎಂದು ನೋಡುತ್ತಾರೆ, ಪರೀಕ್ಷೆಯಿದ್ದರೆ ಮುಂದೂಡುತ್ತಾರೆ. ಅದು ದೇಶದ ಬೇರೆ ಭಾಗಗಳಿಗೂ ಹಬ್ಬಿತು. ಒಂದು ಠಾಣೆ, ಒಂದು ಶಾಲೆ, ಒಂದು ಫೋನು ಸಾಕಾಗುವ ಇಂಥ ಏರ್ಪಾಡಿಗೆ ನಮ್ಮ ತಾಲ್ಲೂಕುಗಳಲ್ಲಿ ದೊಡ್ಡ ಖರ್ಚೇನೂ ಬೇಕಾಗದು.

ಎರಡು ಕಡತಗಳ ಸಮಸ್ಯೆ

ಮಗುವಿಗೆ ನೆರವಾಗುವ ಅತ್ಯುತ್ತಮ ದಾರಿ ಹಿಂಸೆಗೆ ಗುರಿಯಾದ ತಾಯಿಯನ್ನು ಸುರಕ್ಷಿತವಾಗಿಸಿ ಇಬ್ಬರನ್ನೂ ಒಟ್ಟಿಗೆ ಇಡುವುದು. ಆಡಳಿತ ಮಾತ್ರ ಎಲ್ಲೆಡೆ ತಾಯಿಗೊಂದು ಕಡತ, ಮಗುವಿಗೊಂದು ಕಡತ ತೆರೆಯುತ್ತದೆ. ನ್ಯೂಯಾರ್ಕ್ ನಗರದಲ್ಲಿ ಇದು ವಿಪರೀತಕ್ಕೆ ಹೋಗಿತ್ತು. ಮಗು ಹಿಂಸೆ ಕಾಣುವಂತೆ ಬಿಟ್ಟದ್ದು ತಾಯಿಯದೇ ನಿರ್ಲಕ್ಷ್ಯವೆಂದು ಏಟು ತಿಂದ ತಾಯಂದಿರಿಂದಲೇ ಮಕ್ಕಳನ್ನು ಕಿತ್ತುಕೊಳ್ಳಲಾಗುತ್ತಿತ್ತು. ನಿಕೊಲ್ಸನ್ ವಿರುದ್ಧ ಸ್ಕೊಪೆಟ್ಟಾ ಪ್ರಕರಣದಲ್ಲಿ 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ, ಮಗು ಹಿಂಸೆ ಕಂಡಿತೆಂಬ ಒಂದೇ ಕಾರಣಕ್ಕೆ ತಾಯಿಯನ್ನು ನಿರ್ಲಕ್ಷ್ಯದ ತಪ್ಪಿತಸ್ಥಳೆನ್ನಲಾಗದು ಎಂದಿತು. ಬ್ರಿಟನ್ನಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬೇರೆ ದಾರಿ ಹಿಡಿದು, ಇಂಥ ಮನೆಯ ಮಕ್ಕಳನ್ನೂ ಸ್ವತಃ ಬಾಧಿತರೆಂದೇ ಗುರುತಿಸಿತು.

ಭಾರತದಲ್ಲಿ ತಾಯಿಯ ಕಡತ ತೆರೆಯುವುದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಹೆಸರಿನಲ್ಲಿ ಮಕ್ಕಳಿಲ್ಲ, ಒಳಗೆ ಇದ್ದಾರೆ. 18 ತುಂಬದ ಮಗು, ದತ್ತುಮಗು, ಮಲಮಗು ಎಲ್ಲರೂ ಅದರ ವ್ಯಾಖ್ಯೆಗೆ ಸೇರುತ್ತಾರೆ. 18ನೆಯ ಪ್ರಕರಣದ ರಕ್ಷಣಾ ಆದೇಶದಲ್ಲಿ ಹಿಂಸೆ ಮಾಡಿದವನು ಮಗುವಿನ ಶಾಲೆಗೆ ಕಾಲಿಡದಂತೆ ತಡೆಯಬಹುದು. 20ನೆಯ ಪ್ರಕರಣದಲ್ಲಿ ಮಕ್ಕಳ ಪೋಷಣೆಯ ಖರ್ಚು ಕೇಳಬಹುದು. 21ನೆಯ ಪ್ರಕರಣದಲ್ಲಿ ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು, ತಂದೆಯ ಭೇಟಿಯಿಂದ ಮಗುವಿಗೆ ಹಾನಿಯೆನಿಸಿದರೆ ಅದನ್ನು ನಿರಾಕರಿಸಬಹುದು. ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿಯನ್ನು 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೋರ್ಟು ಮೆಟ್ಟಿಲು ಹತ್ತಿದವರಿಗೆ ಆ 60ರ ಅಳತೆ ಗೊತ್ತಿದೆ.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಜನ ಕರೆಯುವ ‘ಸಿಡಿಪಿಒ’ಗಳೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ತಾಲ್ಲೂಕಿನ ಅಂಗನವಾಡಿಗಳ ಉಸ್ತುವಾರಿಯ ನಡುವೆ ಅವರು ಈ ಕೆಲಸವನ್ನೂ ಮಾಡಬೇಕು. ಅವರು ತುಂಬುವ ಕೌಟುಂಬಿಕ ಘಟನಾ ವರದಿಯ ನಮೂನೆಯಲ್ಲಿ ಮಕ್ಕಳ ಹೆಸರು, ವಯಸ್ಸು, ಲಿಂಗ, ಈಗ ಯಾರ ಬಳಿ ಇದ್ದಾರೆ ಎಂಬ ಅಂಕಣಗಳಿವೆ. ಮಗುವಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂಬ ಅಂಕಣವಿಲ್ಲ.

ಮಗುವಿನ ಕಡತ 2015ರ ಬಾಲನ್ಯಾಯ ಕಾಯ್ದೆಯದು. ಅದರ ಕೇಂದ್ರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಕ್ರೌರ್ಯವೆಸಗಿದರೆ 75ನೆಯ ಪ್ರಕರಣದಲ್ಲಿ ಮೂರು ವರ್ಷದವರೆಗೆ ಶಿಕ್ಷೆಯುಂಟು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕೆಂಬುದು ಈ ಕಾಯ್ದೆಯ ತತ್ವ. ಅದಕ್ಕೆ ಅನುಗುಣವಾಗಿ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬ ಕೈಬಿಟ್ಟ ತಾಯಿಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಮನೆಬಿಟ್ಟು ಬಂದ ಎಷ್ಟೋ ತಾಯಂದಿರಿಗೆ ಇಂಥದ್ದೊಂದು ಇದೆಯೆಂದು ಹೇಳಿದವರೇ ಇರುವುದಿಲ್ಲ.

ಎರಡು ಕಡತಗಳ ಸಂದಿಯಲ್ಲಿ ಸಿಕ್ಕಿಬೀಳುವವರು ಬೆಳೆದ ಗಂಡುಹುಡುಗರು. ಸಂಕಷ್ಟದಲ್ಲಿರುವ ಮಹಿಳೆಯರ ಆಶ್ರಯತಾಣಗಳಾದ ಸ್ವಾಧಾರ ಗೃಹಗಳ 2015ರ ನಿಯಮದಂತೆ ತಾಯಿಯೊಂದಿಗೆ ಹೆಣ್ಣುಮಕ್ಕಳು 18ರವರೆಗೆ ಇರಬಹುದಿತ್ತು, ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಅದಕ್ಕಿಂತ ತೀರ ಕಡಿಮೆಯಿತ್ತು. ಆಮೇಲೆ ಅವರು ಮಕ್ಕಳ ಗೃಹಕ್ಕೆ ಹೋಗಬೇಕಿತ್ತು. ಇತರ ನಿವಾಸಿಗಳ ಸುರಕ್ಷತೆಯ ದೃಷ್ಟಿಯಿಂದ ನಿಯಮಕ್ಕೆ ಅರ್ಥವಿದ್ದೀತು. ಅಮ್ಮನಿಗೆ ಅಡ್ಡ ನಿಂತು ಏಟು ತಿಂದ ಹದಿಮೂರರ ಹುಡುಗನಿಗೆ, ಮನೆಬಿಟ್ಟ ದಿನವೇ ಅಮ್ಮನನ್ನೂ ಬಿಡು ಎಂದರೆ ಅದನ್ನು ಅವನು ಶಿಕ್ಷೆಯೆಂದಲ್ಲದೆ ಬೇರೆ ಹೇಗೆ ತಿಳಿದಾನು? ಮಗನಿಗಾಗಿಯೇ ಹಿಂಸೆಯ ಮನೆಗೆ ಮರಳುವ ತಾಯಿಗೆ ಹಟಮಾರಿತನದ ಹಣೆಪಟ್ಟಿ ಹಚ್ಚುವುದು ಅನ್ಯಾಯ. ತವರಿನ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಮಾತೂ ನಮ್ಮದೇ.

ಊರು ಬಿಟ್ಟು ಬಂದವರ ಮುಂದಿನ ತೊಡಕು ಶಾಲೆಯ ವರ್ಗಾವಣೆ ಪತ್ರ, ಅಂದರೆ ಟಿ.ಸಿ. ಹಳೆಯ ಶಾಲೆಗೆ ಹೋದರೆ ಗಂಡನಿಗೆ ಸುದ್ದಿ ಮುಟ್ಟುತ್ತದೆ, ಹೋಗದಿದ್ದರೆ ಹೊಸ ಶಾಲೆ ಸೇರಿಸಿಕೊಳ್ಳುವುದಿಲ್ಲ ಎಂದು ತಾಯಂದಿರು ಮಕ್ಕಳನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇರಿಸಿಕೊಳ್ಳುತ್ತಾರೆ. 6ರಿಂದ 14 ವಯಸ್ಸಿನ ಮಕ್ಕಳಿಗೆ ಈ ಅಂಜಿಕೆ ಬೇಕಿಲ್ಲ. ಟಿ.ಸಿ. ತರುವುದು ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಪ್ರಕರಣ ಸ್ಪಷ್ಟವಾಗಿ ಹೇಳಿದೆ.

ವಿದೇಶದಿಂದ ಮಗುವಿನೊಂದಿಗೆ ಮರಳುವ ತಾಯಂದಿರದು ಇನ್ನೊಂದು ಬಗೆಯ ಪಾಡು. ಮಕ್ಕಳನ್ನು ದೇಶದಿಂದ ದೇಶಕ್ಕೆ ಒಯ್ಯುವುದನ್ನು ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟು ವಿದೇಶಿ ನ್ಯಾಯಾಲಯದ ಆದೇಶಕ್ಕಿಂತ ಮಗುವಿನ ಹಿತವೇ ಮುಖ್ಯವೆಂದು ತೀರ್ಮಾನಿಸಿತು.

ಚಿಕಿತ್ಸೆ

ಎಲ್ಲ ಮಕ್ಕಳಿಗೂ ಚಿಕಿತ್ಸೆ ಬೇಕಿಲ್ಲ. ಮನೆ ಶಾಂತವಾದ ಕೆಲವು ತಿಂಗಳಲ್ಲಿ ಹಲವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಬೇಕಾದವರಿಗೆ ಪರೀಕ್ಷಿಸಿ ನೋಡಿದ ವಿಧಾನಗಳಿವೆ. ಐದು ವರ್ಷದವರೆಗಿನವರಿಗೆ ಅಲಿಸಿಯಾ ಲೀಬರ್‌ಮನ್ ಮತ್ತು ಪೆಟ್ರಿಷಿಯಾ ವಾನ್ ಹಾರ್ನ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪಿಸಿದ ವಿಧಾನದಲ್ಲಿ ತಾಯಿ ಮಗು ಇಬ್ಬರೂ ಸುಮಾರು ಒಂದು ವರ್ಷ ವಾರಕ್ಕೊಮ್ಮೆ ಒಟ್ಟಿಗೆ ಬರುತ್ತಾರೆ. ಮಗು ಗೊಂಬೆಗಳಿಂದ ಆಡುತ್ತದೆ, ಗೊಂಬೆ ಗೊಂಬೆಗೆ ಹೊಡೆಯುತ್ತದೆ, ತಾಯಿ ಅದನ್ನು ನೋಡುತ್ತಾಳೆ. ಮಗುವಿಗೆ ಏನೂ ತಿಳಿಯದೆಂದು ನಂಬಿದ್ದ ತಾಯಿಗೆ ಆ ಕ್ಷಣ ಸಹಿಸುವುದು ಕಷ್ಟ, ಚಿಕಿತ್ಸೆ ಶುರುವಾಗುವುದೂ ಅಲ್ಲಿಂದಲೇ. ದೊಡ್ಡ ಮಕ್ಕಳಿಗೆ ಜುಡಿತ್ ಕೋಹೆನ್ ಮತ್ತು ಸಂಗಡಿಗರ ವಿಧಾನವಿದೆ. ಭಯವನ್ನು ಹೆಸರಿಟ್ಟು ಕರೆಯಲು, ಮೈಯ ಬಿಗಿತ ಸಡಿಲಿಸಲು, ಕೊನೆಗೆ ನಡೆದದ್ದನ್ನು ಕತೆಯಾಗಿ ಹೇಳಲು ಅದು ಹಂತಹಂತವಾಗಿ ಕಲಿಸುತ್ತದೆ. ಪಿಟ್ಸ್‌ಬರ್ಗಿನ ಆಶ್ರಯಕೇಂದ್ರವೊಂದರಲ್ಲಿ ಎಂಟೇ ಭೇಟಿಗಳಿಗೆ ಅಡಕಗೊಳಿಸಿದ ರೂಪವೂ ಫಲ ಕೊಟ್ಟಿತೆಂದು 2011ರಲ್ಲಿ ವರದಿಯಾಯಿತು. ಆಶ್ರಯಕೇಂದ್ರದ ವಾಸ ಅಲ್ಪಕಾಲದ್ದಾದ್ದರಿಂದ ಈ ಅಡಕಗೊಂಡ ರೂಪಕ್ಕೆ ಬೆಲೆ ಹೆಚ್ಚು.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ ಈ ಕ್ಷೇತ್ರದ ಹಿರಿಯ ಕೇಂದ್ರ. ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ಅಲ್ಲಿನ ‘ಸಂವಾದ್’ ತರಬೇತಿ ಕೊಡುತ್ತದೆ. ದೂರದ ತಾಲ್ಲೂಕಿನವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮಾಹಿತಿ ಕೊಡುವುದು

ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ತುರ್ತಿಗೆ 112. ಜಿಲ್ಲೆಗಳಲ್ಲಿ ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರಗಳೂ ಸಾಂತ್ವನ ಕೇಂದ್ರಗಳೂ ಇವೆ. ಫೋನು ಮಾಡಬೇಕಾದವರು ತಾಯಿಯೇ ಆಗಬೇಕಿಲ್ಲ. ಹಿಂಸೆ ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ, ಅಂದರೆ ಗೋಡೆಯಾಚೆಯ ಮನೆಯವರು, ಹಾಲು ಹಾಕುವವರು, ಟ್ಯೂಷನ್ ಮೇಡಂ, ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಹೊಣೆಯನ್ನಾಗಲಿ ಕ್ರಿಮಿನಲ್ ಹೊಣೆಯನ್ನಾಗಲಿ ಹೊರಿಸುವಂತಿಲ್ಲವೆಂದು 2005ರ ಕಾಯ್ದೆಯ 4ನೆಯ ಪ್ರಕರಣ ಹೇಳುತ್ತದೆ.